ಜಪಾನಿ ಕ್ಷೌರದ ಕತ್ತಿ: ಪಟ್ಟಿ ಬಾಗುವುದೇಕೆ, ಬಾಯಿ ಉದುರುವುದೇಕೆ?

ಓದುಗರ ಪ್ರಶ್ನೆ: ಮನೆಯ ಹಿಂದಿನ ಶೆಡ್‌ನಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಗ್ಯಾಸಿನ ಕುಲುಮೆ, 150 ಮಿ.ಮೀ. ಕಲ್ಲಿನ ಬೆಂಚ್ ಗ್ರೈಂಡರ್, 75 ಮಿ.ಮೀ. ರಬ್ಬರ್ ಚಕ್ರವಿರುವ ಬೆಲ್ಟ್ ಗ್ರೈಂಡರ್ ಇವೆ. ಅಡುಗೆಮನೆಯ ಚಾಕುಗಳನ್ನು ಮಾಡಿ ಅಭ್ಯಾಸವಿದೆ. ಈಗ ಜಪಾನಿನ ‘ಕಮಿಸೊರಿ’ ಎಂಬ ಮಡಚದ ಕ್ಷೌರದ ಕತ್ತಿ ಮಾಡಲು ಹೊರಟಿದ್ದೇನೆ. ಮೊದಲನೆಯದನ್ನು ಲಾರಿಯ ಕಮಾನ್ ಪಟ್ಟಿಯಿಂದ ಮಾಡಿ, ಕೆಂಪಗೆ ಕಾಯಿಸಿ ಜಪಾನಿನವರ ಹಾಗೆ ನೀರಿಗೇ ಅದ್ದಿದೆ. ‘ಟಿಣ್’ ಎಂದು ಸದ್ದಾಯಿತು, ಪಟ್ಟಿ ಬಾಳೆಕಾಯಿಯ ಹಾಗೆ ಬಾಗಿತು. ಎರಡನೆಯದನ್ನು ಹಳೆಯ ಅರದಿಂದ ಮಾಡಿ ಎಣ್ಣೆಗೆ ಅದ್ದಿ, ಓವನ್‌ನಲ್ಲಿ 150 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ಗಾಜು ಗೀರುವಷ್ಟು ಗಟ್ಟಿಯಾಗಿದೆ. ಆದರೆ ಗುಳಿ ಹೊಡೆಯುವಾಗ (ಅಲಗಿನ ಮುಖವನ್ನು ಚಕ್ರದಲ್ಲಿ ಉಜ್ಜಿ ತಗ್ಗು ಮಾಡುವಾಗ) ಬಾಯಿ ಎರಡು ಕಡೆ ತಿಂದುಹೋಯಿತು. ಉಳಿದದ್ದನ್ನು ಮಸೆದರೆ 4000 ನಂಬರಿನ ನಯವಾದ ಮಸೆಗಲ್ಲಿನ ಮೇಲೆ ಉದುರುತ್ತಿದೆ. ಈಗ ಅಗಲ 16.5 ಮಿ.ಮೀ., ಬೆನ್ನು 6 ಮಿ.ಮೀ. ಇದೆ. ಜಪಾನಿನ ಉಕ್ಕು ತರಿಸಲೇಬೇಕೆ? ಉಕ್ಕು-ಕಬ್ಬಿಣ ಎರಡನ್ನೂ ಬೆಸೆದೇ ಮಾಡಬೇಕೆ? ಎರಡು ಮುಖಗಳ ಗುಳಿ ಬೇರೆ ಬೇರೆ ಅಂತಾರೆ, ಎಷ್ಟು? ಇದನ್ನು ಮುಖಕ್ಕೆ ತಾಗಿಸಬಹುದೆ? ಈ ಎರಡನೆಯದನ್ನು ಉಳಿಸಿಕೊಳ್ಳಲು ಬರುತ್ತದೆಯೆ?

ಉತ್ತರ: ನೀವು ಕೊಟ್ಟ ಅಳತೆಗಳಲ್ಲೇ ಅರ್ಧ ಉತ್ತರ ಇದೆ. ನಿಮ್ಮ ಕೈಕೆಲಸದಲ್ಲಿ ದೊಡ್ಡ ದೋಷ ಕಾಣುತ್ತಿಲ್ಲ. ಆದರೆ ನೀವು ಕ್ಷೌರದ ಕತ್ತಿಯನ್ನು ಚಿಕ್ಕದೊಂದು ಚಾಕು ಎಂದು ಎಣಿಸಿ ಮಾಡಿದ್ದೀರಿ. ಚಾಕುವಿನ ಬಾಯಿಯ ಕೋನವನ್ನು ಮಸೆಯುವಾಗ ಕೈಯಲ್ಲಿ ತಿದ್ದಿಕೊಳ್ಳಬಹುದು. ಕ್ಷೌರದ ಕತ್ತಿಯಲ್ಲಿ ಹಾಗಲ್ಲ. ಅದನ್ನು ಬೆನ್ನು ಮತ್ತು ಬಾಯಿ ಎರಡೂ ತಾಗುವಂತೆ ಕಲ್ಲಿನ ಮೇಲೆ ಮಲಗಿಸಿಯೇ ಮಸೆಯುವುದು. ಹಾಗಾಗಿ ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ ಇವೆರಡೇ ಕೋನವನ್ನು ಗೊತ್ತುಮಾಡಿಬಿಡುತ್ತವೆ. ಕುಲುಮೆ ಹೊತ್ತಿಸುವ ಮೊದಲೇ ಈ ಲೆಕ್ಕ ಮುಗಿದಿರಬೇಕು. ಉಕ್ಕಿನ ಹೆಸರು, ನೀರೋ ಎಣ್ಣೆಯೋ ಎಂಬುದೆಲ್ಲ ಅದರ ನಂತರದ ಮಾತು.

ಅದಕ್ಕೇ ಲೆಕ್ಕದಿಂದ ಶುರು ಮಾಡೋಣ. ಕ್ಷೌರಕ್ಕೆ ಒಗ್ಗುವ ಒಟ್ಟು ಕೋನ ಸುಮಾರು 16ರಿಂದ 17 ಡಿಗ್ರಿ. 14ಕ್ಕಿಂತ ಕೆಳಗಿಳಿದರೆ ಒಳ್ಳೆಯ ಉಕ್ಕೂ ಉದುರತೊಡಗುತ್ತದೆ. 19-20 ದಾಟಿದರೆ ಬಾಯಿ ಎಷ್ಟೇ ನಯವಾಗಿದ್ದರೂ ಕೂದಲನ್ನು ಎಳೆಯುತ್ತದೆ. 16 ಡಿಗ್ರಿ ಬೇಕಾದರೆ ಬೆನ್ನಿನ ದಪ್ಪ ಅಗಲದ 0.28 ಪಟ್ಟು ಇರಬೇಕು. ಅಗಲ 18 ಮಿ.ಮೀ. ಇದ್ದರೆ ದಪ್ಪ 5 ಮಿ.ಮೀ. ಈ ಅಗಲವನ್ನು ಬೆನ್ನಿನ ತುದಿಯಿಂದ ಅಳೆಯಬಾರದು, ಬೆನ್ನು ಕಲ್ಲಿಗೆ ತಾಗುವ ಗೆರೆಯಿಂದ ಬಾಯಿಯವರೆಗೆ ಅಳೆಯಬೇಕು. ದಪ್ಪವನ್ನೂ ಅದೇ ಗೆರೆಯಲ್ಲಿ ವರ್ನಿಯರ್ ಹಿಡಿದು ನೋಡಬೇಕು. ನಿಮ್ಮ ಎರಡನೆಯ ಕತ್ತಿ 16.5ಕ್ಕೆ 6, ಅಂದರೆ ಕೋನ ಸುಮಾರು 21 ಡಿಗ್ರಿ. ಅದು ಉದುರದೇ ಇದ್ದಿದ್ದರೂ ಸುಖವಾಗಿ ಕ್ಷೌರ ಮಾಡುತ್ತಿರಲಿಲ್ಲ.

ಇನ್ನು ಗುಳಿ. ಬಾಯಿ ತಿಂದುಹೋದದ್ದಕ್ಕೆ ಕಾರಣ ನಿಮ್ಮ 75 ಮಿ.ಮೀ. ಚಕ್ರ. 18 ಮಿ.ಮೀ. ಅಗಲಕ್ಕೆ ಬೆನ್ನಿನ ಗೆರೆಯಿಂದ ಬಾಯಿಯವರೆಗೆ ಒಂದೇ ಗುಳಿ ಹೊಡೆಯುತ್ತೀರಿ ಎಂದುಕೊಳ್ಳಿ. ಬಾಯಿಯಿಂದ 2 ಮಿ.ಮೀ. ಮೇಲೆ, ಗುಳಿ ಇಲ್ಲದ ನೇರ ಬೆಣೆಯ ದಪ್ಪ 0.56 ಮಿ.ಮೀ. ಇರುತ್ತದೆ. 75 ಮಿ.ಮೀ. ಚಕ್ರ ಅಷ್ಟೇ ಜಾಗದಲ್ಲಿ ಒಂದೊಂದು ಮುಖದಿಂದ ಸುಮಾರು 0.43 ಮಿ.ಮೀ. ತೆಗೆಯುತ್ತದೆ. ಎರಡೂ ಸೇರಿ 0.85. ಇರುವುದಕ್ಕಿಂತ ತೆಗೆಯುವುದೇ ಹೆಚ್ಚು! ಎರಡು ಗುಳಿಗಳು ಬಾಯಿಗೆ ಬರುವ ಮೊದಲೇ ಒಂದಕ್ಕೊಂದು ತಾಗಿ ಅಲಗು ತೂತಾಗಲೇಬೇಕು. ಬೆನ್ನು 6 ಮಿ.ಮೀ. ಇಟ್ಟುಕೊಂಡರೂ ಲೆಕ್ಕ ಬದಲಾಗುವುದಿಲ್ಲ. ಎಂಥ ಪಳಗಿದ ಕೈಯೂ ಆ ಚಕ್ರದಲ್ಲಿ ಅಷ್ಟಗಲದ ಗುಳಿ ಹೊಡೆಯಲಾರದು.

ಕಮಿಸೊರಿಯ ಎರಡು ಮುಖಗಳು ಬೇರೆ ಬೇರೆ ಎಂಬುದು ನಿಜ. ಒಂದರಲ್ಲಿ ಗುಳಿ ಹೆಚ್ಚು, ಇನ್ನೊಂದು ಹೆಚ್ಚುಕಡಿಮೆ ಚಪ್ಪಟೆ. ಹಳೆಯ ಕತ್ತಿಗಳಲ್ಲಿ ಬಾಯಿಯೂ ಬೆನ್ನಿನ ನಟ್ಟನಡುವೆ ಬರದೆ ಒಂದು ಮುಖದತ್ತ ತುಸು ಸರಿದಿರುತ್ತದೆ. ಮೊದಲ ಕತ್ತಿಗೆ ನಾನು ಹೇಳುವ ಅಳತೆ ಇದು: ಆಳದ ಮುಖಕ್ಕೆ 150 ಮಿ.ಮೀ. ವ್ಯಾಸದ ಗುಳಿ, ಇನ್ನೊಂದಕ್ಕೆ 300 ಮಿ.ಮೀ. ವ್ಯಾಸದ್ದು. ಹೀಗೆ ಮಾಡಿದರೆ ಅಲಗಿನ ನಡುವೆ ಮೊದಲ ಮುಖದಲ್ಲಿ 0.54 ಮಿ.ಮೀ., ಎರಡನೆಯದರಲ್ಲಿ 0.27 ಮಿ.ಮೀ. ಆಳ ಬರುತ್ತದೆ. ಬಾಯಿಯಿಂದ 2 ಮಿ.ಮೀ. ಮೇಲೆ ಇನ್ನೂ 0.24 ಮಿ.ಮೀ. ಉಕ್ಕು ಉಳಿದಿರುತ್ತದೆ. ಉಗುರಿನ ಮೇಲೆ ಒತ್ತಿದರೆ ಬಳುಕುವಷ್ಟು ತೆಳು ಅಲ್ಲ, ಆದರೆ ಕಮಿಸೊರಿಯ ಮೈಕಟ್ಟೇ ಹಾಗೆ ಸ್ವಲ್ಪ ಬಿಗಿಯಾದದ್ದು. ಬಾಯಿಯನ್ನು ಬದಿಗೆ ಸರಿಸುವ ಪ್ರಯತ್ನ ಈಗಲೇ ಬೇಡ, ನಡುವಿನಲ್ಲೇ ಇರಲಿ.

‘ಒಂದೇ ಮುಖವನ್ನು ಚರ್ಮಕ್ಕೆ ಒತ್ತಬೇಕು, ಇನ್ನೊಂದು ತಾಗಲೇಬಾರದು’ ಎಂಬ ಮಾತು ಬಹಳ ಕೇಳಿಬರುತ್ತದೆ. ಕಮಿಸೊರಿ ಹುಟ್ಟಿದ್ದೇ ಒಬ್ಬರು ಇನ್ನೊಬ್ಬರಿಗೆ ಕ್ಷೌರ ಮಾಡಲು. ಬೌದ್ಧ ಭಿಕ್ಷುಗಳ ತಲೆ ಬೋಳಿಸಲು, ಆಮೇಲೆ ಕ್ಷೌರಿಕರ ಕೈಗೆ. ಎದುರಿಗೆ ನಿಂತವರು ತಮಗೆ ಬೇಕಾದ ಮುಖವನ್ನೇ ಯಾವಾಗಲೂ ತಿರುಗಿಸಿಕೊಳ್ಳಬಹುದು. ತಾನೇ ಮಾಡಿಕೊಳ್ಳುವವನಿಗೆ ಎರಡು ಕೆನ್ನೆಗೂ ಒಂದೇ ಮುಖ ಒದಗಿಸುವುದು ಕಷ್ಟ. ಸರಿಯಾಗಿ ಮಸೆದ ಬಾಯಿ ಎರಡೂ ಕಡೆಯಿಂದ ಕತ್ತರಿಸುತ್ತದೆ, ಕೈಗೆ ಬರುವ ಅನುಭವದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಅಷ್ಟೆ.

ಈಗ ಉಕ್ಕು. ಜಪಾನಿನಲ್ಲಿ ಕ್ಷೌರದ ಕತ್ತಿಗೆ ತಮಹಗಾನೆ (ಕಬ್ಬಿಣದ ಮರಳಿನಿಂದ ತೆಗೆಯುವ ಸಾಂಪ್ರದಾಯಿಕ ಉಕ್ಕು), ಸ್ವೀಡನ್‌ನಿಂದ ಬಂದ ಶುದ್ಧ ಇಂಗಾಲದ ಉಕ್ಕು, ಯಸುಗಿ ಊರಿನ ಕಾರ್ಖಾನೆಯ ‘ಬಿಳಿ ಕಾಗದ’ದ ಉಕ್ಕು ಎಲ್ಲವೂ ಬಳಕೆಯಾಗಿವೆ. ‘ಬಿಳಿ ಕಾಗದ’, ‘ನೀಲಿ ಕಾಗದ’ ಎಂಬುದು ಪಟ್ಟಿಗೆ ಅಂಟಿಸುವ ಕಾಗದದ ಬಣ್ಣ, ಉಕ್ಕಿನ ಬಣ್ಣವಲ್ಲ. ಬಿಳಿ ಕಾಗದದ 2ನೇ ನಂಬರಿನಲ್ಲಿ ಇಂಗಾಲ 1.05ರಿಂದ 1.15 ಶೇಕಡಾ, ಮ್ಯಾಂಗನೀಸ್ 0.2-0.3 ಶೇಕಡಾ ಮಾತ್ರ. ಈ ಕಡಿಮೆ ಮ್ಯಾಂಗನೀಸ್ ಬಗ್ಗೆ ಗಮನ ಇರಲಿ. ನೀರಿಗೆ ಅದ್ದುವ ಪದ್ಧತಿಯ ಗುಟ್ಟು ಅದರಲ್ಲೇ ಇದೆ. ಮ್ಯಾಂಗನೀಸ್ ಕಡಿಮೆ ಇರುವ ಉಕ್ಕು ಗಟ್ಟಿಯಾಗಬೇಕಾದರೆ 800 ಡಿಗ್ರಿಯಿಂದ 500ರ ಕೆಳಕ್ಕೆ ಸುಮಾರು ಒಂದು ಸೆಕೆಂಡಿನಲ್ಲಿ ಇಳಿಯಬೇಕು. ಆ ವೇಗ ನೀರಿಗೆ ಇದೆ, ಸಾಧಾರಣ ಎಣ್ಣೆಗೆ ಇಲ್ಲ. ಜಪಾನಿನ ಕಮ್ಮಾರರು ನೀರಿಗೆ ಅದ್ದುವುದು ಅವರ ಉಕ್ಕು ಅದನ್ನು ಕೇಳುತ್ತದೆ ಎಂಬ ಕಾರಣಕ್ಕೆ. ಕಮಾನ್ ಪಟ್ಟಿಯ ಉಕ್ಕು ಎಣ್ಣೆಯಲ್ಲೇ ಗಟ್ಟಿಯಾಗುವ ಜಾತಿ. ಅದನ್ನು ನೀರಿಗೆ ಹಾಕಿದರೆ ಬಾಗುತ್ತದೆ, ಸೀಳುತ್ತದೆ. ನಿಮಗೆ ಕೇಳಿಸಿದ ‘ಟಿಣ್’ ಸೀಳಿನ ಸದ್ದೇ ಇರಬೇಕು. ಆ ಪಟ್ಟಿಯನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಸೀಳು ಬಿಡದಿದ್ದರೂ ಅದರಲ್ಲಿ ಇಂಗಾಲ ಹೆಚ್ಚೆಂದರೆ 0.6 ಶೇಕಡಾ. ಆ ಜಾತಿಯ ಉಕ್ಕು ಮಚ್ಚಿಗೆ, ಕುಡುಗೋಲಿಗೆ ಒಳ್ಳೆಯದು. ಕ್ಷೌರದ ಬಾಯಿ ಅದರಲ್ಲಿ ನಿಲ್ಲುವುದಿಲ್ಲ.

ಹಳೆಯ ಅರ ಕೆಟ್ಟ ಆಯ್ಕೆಯಲ್ಲ. ಒಳ್ಳೆಯ ಅರದಲ್ಲಿ ಇಂಗಾಲ 1.2 ಶೇಕಡಾದ ಆಸುಪಾಸು ಇರುತ್ತದೆ. ಅದರಲ್ಲಿ ಎರಡು ಅಪಾಯಗಳಿವೆ. ಅಗ್ಗದ ಅರಗಳು ಮೇಲ್ಪದರ ಮಾತ್ರ ಗಟ್ಟಿಯಾದ ಮೆದು ಉಕ್ಕು. ಒಳ್ಳೆಯದರಲ್ಲಿಯೂ ಹಲ್ಲಿನ ಬುಡದ ಗೀರು ಪೂರ್ತಿ ಹೋಗುವವರೆಗೆ ಉಜ್ಜದಿದ್ದರೆ ಅದ್ದಿದಾಗ ಅಲ್ಲಿಂದಲೇ ಸೀಳು ಹುಟ್ಟುತ್ತದೆ.

ನನ್ನ ಸಲಹೆ ಸರಳ: ಜಪಾನಿನಿಂದ ತರಿಸಬೇಡಿ. ಡೈ ಮಾಡುವವರು ಬಳಸುವ ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಗಟ್ಟಿಯಾಗುವ, ಹೆಚ್ಚು ಕುಗ್ಗದ) ಉಕ್ಕು ಟೂಲ್ ಸ್ಟೀಲ್ ಅಂಗಡಿಗಳಲ್ಲಿ ಚಪ್ಪಟೆ ಪಟ್ಟಿಯಾಗಿ ಸಿಗುತ್ತದೆ. 6 ಮಿ.ಮೀ. ದಪ್ಪ, 25 ಮಿ.ಮೀ. ಅಗಲದ್ದನ್ನು 180 ಮಿ.ಮೀ. ಉದ್ದಕ್ಕೆ ಕೊಯ್ಸಿ. ಎರಡು ತುಂಡು ಹೆಚ್ಚಾಗಿ ಇರಲಿ, ಪರೀಕ್ಷೆಗೆ ಬೇಕಾಗುತ್ತವೆ. ಇದರಲ್ಲಿ ಇಂಗಾಲ ಸುಮಾರು 0.9 ಶೇಕಡಾ, ಮ್ಯಾಂಗನೀಸ್ 1 ಶೇಕಡಾಕ್ಕೆ ಸ್ವಲ್ಪ ಮೇಲೆ, ಜೊತೆಗೆ ಚೂರು ಕ್ರೋಮಿಯಂ, ಟಂಗ್‌ಸ್ಟನ್. ಎಣ್ಣೆಯಲ್ಲಿ ನಿಧಾನವಾಗಿ ತಣಿದರೂ ಗಟ್ಟಿಯಾಗುತ್ತದೆ, ಬಾಗುವುದು ಕಡಿಮೆ. ಬೇರಿಂಗಿನ ಇಎನ್ 31 ಕೂಡ ಒಳ್ಳೆಯ ಬಾಯಿ ಕೊಡುತ್ತದೆ, ಆದರೆ ಕುಲುಮೆಯಲ್ಲಿ ಬಿಸಿಯ ಹದ ಹಿಡಿಯುವುದು ಅದರಲ್ಲಿ ಇನ್ನೂ ಕಷ್ಟ.

ಉಕ್ಕು-ಕಬ್ಬಿಣ ಬೆಸೆಯುವ ವಿಚಾರ. ಕಮಿಸೊರಿಯಲ್ಲಿ ಗಟ್ಟಿ ಉಕ್ಕಿಗೆ ಮೆದು ಕಬ್ಬಿಣ ಬೆಸೆದಿರುತ್ತಾರೆ. ಇದರಿಂದ ಬಾಯಿ ಹೆಚ್ಚು ಹರಿತವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಾಯಿಯಲ್ಲಿ ಇರುವುದು ಉಕ್ಕು ಮಾತ್ರ. ಬೆಸೆಯುವುದರ ಲಾಭ ಬೇರೆ. ಒಳ್ಳೆಯ ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಅದು ಉಳಿತಾಯ. ಮೆದು ಕಬ್ಬಿಣ ಕಲ್ಲಿನ ಮೇಲೆ ಬೇಗ ಸವೆಯುವುದರಿಂದ ಮಸೆಯುವ ಶ್ರಮ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಅದ್ದಿದ ಮೇಲೆ ಬಾಗಿದರೆ ನೆಟ್ಟಗೆ ಮಾಡಬಹುದು. ಗಟ್ಟಿಯಾಗುವಾಗ ಉಕ್ಕು ತುಸು ಹಿಗ್ಗುತ್ತದೆ, ಕಬ್ಬಿಣ ಹಿಗ್ಗುವುದಿಲ್ಲ. ಹಾಗಾಗಿ ಉಕ್ಕಿನ ಮುಖ ಉಬ್ಬುತ್ತದೆ, ಕಬ್ಬಿಣದ ಮುಖ ತಗ್ಗುತ್ತದೆ. ಕಮ್ಮಾರರು ತಗ್ಗಿದ ಕಬ್ಬಿಣದ ಮುಖಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ ಅದನ್ನು ಹಿಗ್ಗಿಸಿ ನೇರ ಮಾಡುತ್ತಾರೆ. ಪೂರ್ತಿ ಗಟ್ಟಿ ಉಕ್ಕಿನ ಪಟ್ಟಿಗೆ ಹಾಗೆ ಸುತ್ತಿಗೆ ಹಾಕಿದರೆ ಎರಡು ತುಂಡಾಗುವ ಸಂಭವವೇ ಹೆಚ್ಚು. ಮನೆಯಲ್ಲಿ ಬೆಸೆಯಲು ಬಿಳಿಗಾರ ಹಾಕಿ 1000 ಡಿಗ್ರಿಗೂ ಮೇಲೆ ಕಾಯಿಸಬೇಕು. ಆ ಬಿಸಿಯಲ್ಲಿ ಉಕ್ಕಿನ ಕಾಳು, ಅಂದರೆ ಅದರೊಳಗಿನ ಸಣ್ಣ ಹರಳುಗಳು, ದಪ್ಪವಾಗುತ್ತದೆ, ಇಂಗಾಲ ಕಬ್ಬಿಣಕ್ಕೆ ಜಾರುತ್ತದೆ. ಒಂದೇ ಉಕ್ಕಿನಲ್ಲಿ ಮೂರು-ನಾಲ್ಕು ಕತ್ತಿ ಸರಿಬಂದ ಮೇಲೆ ಅದಕ್ಕೆ ಕೈ ಹಾಕಿ. ಬೆಸೆದ ಪಟ್ಟಿಯನ್ನೇ ಕೊಂಡು ತರುವ ದಾರಿಯೂ ಇದೆ.

ಪಟ್ಟಿ ಬಾಗದಂತೆ ನೋಡಿಕೊಳ್ಳಲು ಒಂದು ನಿಯಮ ಸಾಕು: ಗಟ್ಟಿ ಮಾಡುವ ಮೊದಲು ಗುಳಿ ಹೊಡೆಯಬೇಡಿ. ಒಂದು ಮುಖ ಆಳ, ಒಂದು ಮುಖ ಚಪ್ಪಟೆ ಇದ್ದರೆ ಎರಡೂ ಒಂದೇ ವೇಗದಲ್ಲಿ ತಣಿಯುವುದಿಲ್ಲ. ಮೊದಲು ತಣಿದ ಕಡೆಗೆ ಎಳೆತ ಹುಟ್ಟಿ ಪಟ್ಟಿ ವಾಲುತ್ತದೆ. ಅದ್ದುವ ಹೊತ್ತಿಗೆ ಎರಡು ಮುಖಗಳೂ ಚಪ್ಪಟೆಯಾದ, ಸರಿಸಮವಾದ ಬೆಣೆಯಂತಿರಲಿ: ಬೆನ್ನು 5.5 ಮಿ.ಮೀ., ಬಾಯಿ 1 ಮಿ.ಮೀ., ಅಲಗಿನ ಉದ್ದ 60 ಮಿ.ಮೀ., ಅಗಲ ಬೇಕಾದುದಕ್ಕಿಂತ ಅರ್ಧ ಮಿ.ಮೀ. ಹೆಚ್ಚು. ಅಡ್ಡ ಗೀರುಗಳು ಉಳಿಯಬಾರದು, 120ರ ಎಮರಿಯಲ್ಲಿ ಉದ್ದಕ್ಕೆ ಉಜ್ಜಿ. ಹಿಡಿಯ ಮೂಲೆಗಳು ಚೂಪಾಗಿ ತಿರುಗದೆ ದುಂಡಗಿರಲಿ, ಚೂಪು ಮೂಲೆ ಸೀಳಿನ ತವರು. ಬಾಯಿ 1 ಮಿ.ಮೀ. ದಪ್ಪ ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಕುಲುಮೆಯ ಗಾಳಿಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗುತ್ತದೆ. ಆ ಸತ್ತ ಪದರ ಆಮೇಲೆ ಉಜ್ಜುವಾಗ ಹೋಗಬೇಕು.

ಬಿಸಿ ಮಾಡುವುದರಲ್ಲೇ ಕತ್ತಿಯ ಅದೃಷ್ಟ ಇದೆ. ಕ್ಷೌರದ ಬಾಯಿ ಬಹಳ ತೆಳು. ಅಷ್ಟು ತೆಳುವಿನಲ್ಲಿ ಉಕ್ಕಿನ ಕಾಳು ದಪ್ಪವಾಗಿದ್ದರೆ ಅದು ಕಾಳು ಕಾಳಾಗಿಯೇ ಉದುರುತ್ತದೆ. ಸಾಂಜೋ ಊರಿನ ಇವಾಸಾಕಿ ಕೋಸುಕೆ ಲೋಹಶಾಸ್ತ್ರ ಓದಿ ಕ್ಷೌರದ ಕತ್ತಿ ಮಾಡಿದವರು. ಕಮ್ಮಾರನ ಕಣ್ಣಳತೆಯ ಹಿಂದಿನ ಕಾರಣಗಳನ್ನು ಅವರ ಪರಂಪರೆ ಬಿಡಿಸಿ ನೋಡಿತು. ನೀವು ಕೂಡ ಬಣ್ಣವೊಂದನ್ನೇ ನಂಬಬೇಡಿ. ಬಿಸಿಲಿನಲ್ಲಿ ಮಂಕಾಗಿ ಕಾಣುವ ಕೆಂಪು, ಕತ್ತಲೆಯ ಶೆಡ್‌ನಲ್ಲಿ ಉರಿಯುವ ಹಾಗೆ ಕಾಣುತ್ತದೆ.

ಓಎಚ್‌ಎನ್‌ಎಸ್‌ಗೆ ಬೇಕಾದದ್ದು 800ರಿಂದ 815 ಡಿಗ್ರಿ. ಕುಲುಮೆಯೊಳಗೆ 50 ಮಿ.ಮೀ. ವ್ಯಾಸದ ಕಬ್ಬಿಣದ ಪೈಪಿನ ತುಂಡು ಇಟ್ಟು, ಒಂದು ತುದಿ ಮುಚ್ಚಿ, ಕತ್ತಿಯನ್ನು ಅದರೊಳಗೆ ಕಾಯಿಸಿ. ಜ್ವಾಲೆ ನೇರವಾಗಿ ಬಡಿಯುವುದಿಲ್ಲ, ಬಿಸಿ ಸಮನಾಗಿ ಹರಡುತ್ತದೆ. ಪೈಪಿನೊಳಗೆ ಎರಡು ಚೂರು ಇದ್ದಿಲು ಹಾಕಿದರೆ ಅದು ಗಾಳಿಯ ಆಮ್ಲಜನಕವನ್ನು ತಿಂದುಹಾಕುತ್ತದೆ. ಮರೆಯಬೇಡಿ, ಜಿಐ ಪೈಪು ಖಂಡಿತ ಬೇಡ. ಅದರ ಸತುವಿನ ಹೊಗೆ ವಿಷ. ಶೆಡ್‌ನ ಬಾಗಿಲು, ಕಿಟಕಿಗಳೂ ತೆರೆದಿರಲಿ. ಬಿಸಿ ಅಳೆಯುವ ಕೆ-ಟೈಪ್ ಥರ್ಮೊಕಪಲ್ ಮತ್ತು ಅದರ ಮೀಟರ್ ಒಂದು ಬೆಲ್ಟಿನ ಡಬ್ಬಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು. ಅದು ಬರುವವರೆಗೆ ಎರಡು ಒರೆಗಲ್ಲುಗಳಿವೆ. ಉಕ್ಕು ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಡುಗೆ ಉಪ್ಪು 801 ಡಿಗ್ರಿಯಲ್ಲಿ ಕರಗುತ್ತದೆ. ಪರೀಕ್ಷೆಯ ತುಂಡಿನ ಮೇಲೆ ನಾಲ್ಕು ಹರಳು ಉಪ್ಪಿಟ್ಟು ಪೈಪಿನೊಳಗೆ ನೋಡಿ. ಅದು ನೀರಾಗುವ ಹೊತ್ತಿನ ಬಣ್ಣವನ್ನು ಕಣ್ಣಿಗೆ ಕಲಿಸಿ.

ಬಿಸಿ ಮುಟ್ಟಿದ ಕೂಡಲೇ ಅದ್ದಬೇಡಿ. ಈ ಉಕ್ಕಿಗೆ ಆ ಬಿಸಿಯಲ್ಲಿ ಐದರಿಂದ ಹತ್ತು ನಿಮಿಷ ಬೇಕು, ಒಳಗಿನ ಗಟ್ಟಿ ಕಣಗಳು ಕರಗಿ ಇಂಗಾಲ ಹರಡಬೇಕು. ‘ಬಣ್ಣ ಬಂತು, ಅದ್ದು’ ಎಂಬುದು ಸಾದಾ ಇಂಗಾಲದ ಉಕ್ಕಿಗೆ ನಡೆಯುತ್ತದೆ, ಇದಕ್ಕೆ ನಡೆಯದು. ಬೇಗ ಆಗಲೆಂದು 850-900ಕ್ಕೆ ಏರಿಸಿದರಂತೂ ಮುಗಿಯಿತು. ಅದಕ್ಕೇ ಹೆಚ್ಚಿನ ತುಂಡು ತನ್ನಿ ಎಂದದ್ದು. ಅದನ್ನು ಮೊದಲು ಕಾಯಿಸಿ, ಅದ್ದಿ, ವೈಸ್‌ಗೆ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, ಕನ್ನಡಕ ಹಾಕಿಕೊಂಡು ಮುರಿಯಿರಿ. ಮುರಿದ ಮುಖ ಬೂದು ಮಖಮಲ್ಲಿನ ಹಾಗಿದ್ದರೆ ಬಿಸಿ ಸರಿಯಿದೆ. ಸಕ್ಕರೆಯ ಹಾಗೆ ಮಿನುಗಿದರೆ ಹೆಚ್ಚಾಗಿದೆ. ಮುರಿಯುವ ಬದಲು ಬಗ್ಗಿದರೆ ಬಿಸಿಯೋ ಸಮಯವೋ ಸಾಲದು. ಈ ಒಂದು ಪರೀಕ್ಷೆ ಇಡೀ ಕತ್ತಿಯನ್ನು ಉಳಿಸುತ್ತದೆ.

ಎಣ್ಣೆ ನಾಲ್ಕೈದು ಲೀಟರ್ ಬೇಕು, ಮುಚ್ಚಳವಿರುವ ಆಳದ ಕಬ್ಬಿಣದ ಡಬ್ಬಿಯಲ್ಲಿ. ಪ್ಲಾಸ್ಟಿಕ್ ಬೇಡ. ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ನಡೆಯುತ್ತದೆ. ಹಳೆಯ ಎಂಜಿನ್ ಆಯಿಲ್ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಎಣ್ಣೆಯನ್ನು 50-60 ಡಿಗ್ರಿಗೆ ಬೆಚ್ಚಗೆ ಮಾಡಿ, ತಣ್ಣನೆಯ ಎಣ್ಣೆ ಮಂದವಾಗಿ ನಿಧಾನಕ್ಕೆ ತಣಿಸುತ್ತದೆ. ಕತ್ತಿಯನ್ನು ಇಕ್ಕಳದಲ್ಲಿ ಹಿಡಿಯ ಕಡೆ ಹಿಡಿದು, ತುದಿ ಕೆಳಗೆ ಮಾಡಿ ನೆಟ್ಟಗೆ ಇಳಿಸಿ. ಒಳಗೆ ಮೇಲೆ-ಕೆಳಗೆ ಆಡಿಸಬಹುದು, ಮುಖದ ದಿಕ್ಕಿಗೆ ಅಲ್ಲಾಡಿಸಬಾರದು. ಹಾಗೆ ಅಲ್ಲಾಡಿಸಿದರೆ ಒಂದು ಮುಖ ಬೇಗ ತಣಿದು ಮತ್ತೆ ಬಾಳೆಕಾಯಿಯೇ. ಹತ್ತು ಸೆಕೆಂಡಿನ ನಂತರ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಇನ್ನೂ 200 ಡಿಗ್ರಿಯ ಸುತ್ತ ಇರುವಾಗ ಉಕ್ಕು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆ ಅರ್ಧ ನಿಮಿಷದಲ್ಲಿ ದಪ್ಪ ಚರ್ಮದ ಕೈಗವಸು ಹಾಕಿ, ಎರಡು ಮರದ ಹಲಗೆಗಳ ನಡುವೆ ಒತ್ತಿ ನೇರ ಮಾಡಬಹುದು. ಕೈಗೆ ತಣ್ಣಗಾದ ಮೇಲೆ ಒತ್ತಲು ಹೋಗಬೇಡಿ, ಗಾಜಿನಂತೆ ಒಡೆಯುತ್ತದೆ.

ಅದ್ದುವ ಮೊದಲು ಕತ್ತಿಗೆ ಜೇಡಿಮಣ್ಣು ಬಳಿಯುವುದು ಜಪಾನಿನ ರೂಢಿ. ಅದು ನಿಮಗೂ ಬೇಕೆ? ನೀರಿಗೆ ಅದ್ದುವ ಉಕ್ಕಿಗೆ ತೆಳುವಾಗಿ ಬಳಿದ ಮಣ್ಣು ಉಗಿಯ ಹೊದಿಕೆಯನ್ನು ಒಡೆದು ಸಮನಾಗಿ ತಣಿಯಲು ನೆರವಾಗುತ್ತದೆ. ಓಎಚ್‌ಎನ್‌ಎಸ್‌ಗೆ ಎಣ್ಣೆಯಲ್ಲಿ ಅದರಿಂದ ಪ್ರಯೋಜನವಿಲ್ಲ.

ಗಾಜಿನಂತೆ ಒಡೆಯುವ ಗುಣ ಇಳಿಯಲು ಅದ್ದಿದ ದಿನವೇ ಓವನ್‌ಗೆ ಹಾಕಿ: 190 ಡಿಗ್ರಿ, ಒಂದು ಗಂಟೆ, ತಣ್ಣಗಾಗಲು ಬಿಟ್ಟು ಮತ್ತೊಂದು ಗಂಟೆ. ರಾಕ್‌ವೆಲ್ ಸಿ 61-62ರ ಆಸುಪಾಸು ಗಟ್ಟಿತನ ಸಿಗುತ್ತದೆ. ಮನೆಯ ಓಟಿಜಿ ಓವನ್ ತೋರಿಸುವ ಅಂಕಿಗೂ ಒಳಗಿನ ಬಿಸಿಗೂ 20 ಡಿಗ್ರಿ ಅಂತರ ಸಾಮಾನ್ಯ. ಒಂದು ತಟ್ಟೆ ಮರಳಿನಲ್ಲಿ ಕತ್ತಿ ಹೂತಿಟ್ಟು, ಅದೇ ಮರಳಿಗೆ ಥರ್ಮೊಕಪಲ್ ಚುಚ್ಚಿ. ಸ್ವಲ್ಪ ಬಾಗು ಉಳಿದಿದ್ದರೆ ಇಲ್ಲಿ ತಿದ್ದಲು ಇನ್ನೊಂದು ಅವಕಾಶವಿದೆ. ದಪ್ಪ ಆಂಗಲ್ ಪಟ್ಟಿಗೆ ಕ್ಲಾಂಪ್ ಹಾಕಿ, ಕೆಳಗೆ ತಗಡಿನ ಚೂರಿಟ್ಟು, ಬಾಗಿದ್ದಕ್ಕಿಂತ ಎರಡು-ಮೂರು ಪಟ್ಟು ಎದುರು ದಿಕ್ಕಿಗೆ ನಿಧಾನವಾಗಿ ಬಿಗಿದು ಎರಡನೇ ಸುತ್ತು ಓವನ್‌ಗೆ ಹಾಕಿ. ಓವನ್‌ನ ಮೊದಲ ಸುತ್ತು ಮುಗಿಯುವ ಮುಂಚೆ ಬಿಗಿಯಬೇಡಿ.

‘ಗಾಜು ಗೀರಿತು, ಹಾಗಾಗಿ ಹದ ಬಂದಿದೆ’ ಎಂದುಕೊಂಡಿದ್ದೀರಿ. ಗಾಜು ಗೀರಿದರೆ ಗಟ್ಟಿಯಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಜಗ್ಗುವ ಗುಣ ಇದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಈ ಎಲ್ಲ ಬಿಸಿಯ ಕೆಲಸ ಬೇಡ ಎನಿಸಿದರೆ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಕೊಡಬಹುದು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಡೈಗಳ ಜೊತೆಗೆ ನಿಮ್ಮ ನಾಲ್ಕು ತುಂಡನ್ನೂ ಸೇರಿಸಿಕೊಳ್ಳುತ್ತಾರೆ. ಉಕ್ಕಿನ ಹೆಸರು, ಬಾಯಿಯ ದಪ್ಪ, 61-62 ಬೇಕೆಂಬುದು ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಡಿ. ತೂಗುಹಾಕಲು ಹಿಡಿಯಲ್ಲೊಂದು ತೂತು ಇರಲಿ. ಡೈಗೆ ಒಗ್ಗುವ 56-58ಕ್ಕೆ ಇಳಿಸಿಬಿಡುವುದು ಅಲ್ಲಿನ ಸಾಮಾನ್ಯ ಅಪಾಯ. ಅಷ್ಟು ಮೆದು ಬಾಯಿ ಮಡಚಿಕೊಳ್ಳುತ್ತದೆ. ಆದರೂ ಮೊದಲ ಎರಡು ಕತ್ತಿಗೆ ಈ ದಾರಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಉಜ್ಜುವುದು, ಮಸೆಯುವುದು ಕಲಿಯಲು ನಂಬಬಹುದಾದ ಉಕ್ಕು ಕೈಯಲ್ಲಿರುತ್ತದೆ. ಆಗ ಏನಾದರೂ ತಪ್ಪಿದರೆ ಯಾವುದರಿಂದ ತಪ್ಪಿತು ಎಂಬುದು ಸ್ಪಷ್ಟ.

ಗಟ್ಟಿಯಾದ ಮೇಲೆ ಗುಳಿ ಹೊಡೆಯುವುದು ತಾಳ್ಮೆಯ ಕೆಲಸ. ಬೆಂಚ್ ಗ್ರೈಂಡರಿನ ಕಲ್ಲನ್ನು ಇಲ್ಲಿ ಮುಟ್ಟಲೇಬೇಡಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿಯನ್ನು ಸುಡುತ್ತದೆ. ಬೆಲ್ಟ್ ಗ್ರೈಂಡರಿಗೆ 150 ಮಿ.ಮೀ. ಚಕ್ರ ಹಾಕಿಸಿ, ಹೊಸ ಬೆಲ್ಟಿನಲ್ಲಿ, ಕಡಿಮೆ ವೇಗದಲ್ಲಿ, ಬರಿಗೈಯಲ್ಲಿ ಹಿಡಿದು ಉಜ್ಜಿ. ಕೈಗವಸು ಇದ್ದರೆ ಬಿಸಿ ಗೊತ್ತಾಗುವುದಿಲ್ಲ. ಒಂದೊಂದು ಎಳೆತಕ್ಕೂ ನೀರಿಗೆ ಅದ್ದಿ. ಒಂದು ಮುಖಕ್ಕೆ ನಾಲ್ಕು ಎಳೆತ, ಇನ್ನೊಂದಕ್ಕೆ ನಾಲ್ಕು, ಹೀಗೆ ಬದಲಿಸುತ್ತಾ ಹೋಗಿ. ಬಾಯಿ 0.5 ಮಿ.ಮೀ.ಗೆ ಬಂದಾಗ ಯಂತ್ರ ನಿಲ್ಲಿಸಿ. ಉಳಿದದ್ದನ್ನು ಕೈಯಲ್ಲಿ ಮಾಡಿ. 160 ಮಿ.ಮೀ. ಪಿವಿಸಿ ಪೈಪಿನ ತುಂಡಿಗೆ ನೀರೆಮರಿ ಅಂಟಿಸಿದರೆ ಆಳದ ಮುಖಕ್ಕೆ ಬೇಕಾದ ಬಾಗು ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಇನ್ನೊಂದು ಮುಖಕ್ಕೆ 150 ಮಿ.ಮೀ. ತ್ರಿಜ್ಯದ ಕಮಾನು ಗೀಚಿ ಕೆತ್ತಿದ ಗಟ್ಟಿಮರದ ತುಂಡು. 220ರಿಂದ ಶುರುಮಾಡಿ 1000ದವರೆಗೆ, ಕತ್ತಿಯ ಉದ್ದಕ್ಕೆ ಉಜ್ಜಬೇಕು. ಬಾಯಿಯ ದಪ್ಪ 0.2 ಮಿ.ಮೀ.ಗೆ ಬಂದರೆ ಸಾಕು. ಎರಡು-ಮೂರು ಸಂಜೆ ಹಿಡಿಯುತ್ತದೆ, ಆದರೆ ಸುಡುವ ಭಯ ಇಲ್ಲ. ಧೂಳಿಗೆ ಮಾಸ್ಕ್ ತಪ್ಪದೆ ಹಾಕಿಕೊಳ್ಳಿ.

ಉಜ್ಜುವಾಗ ಬಾಯಿಯ ಅಂಚಿನಲ್ಲಿ ಹುಲ್ಲಿನ ಹಳದಿ ಕಂಡರೆ ಅಲ್ಲಿ 200 ಡಿಗ್ರಿ ದಾಟಿದೆ. ನೀಲಿ ಕಂಡರೆ 300ರ ಹತ್ತಿರ, ಅಷ್ಟು ಭಾಗ ಸತ್ತಿತು. ಬಣ್ಣ ಉಜ್ಜಿ ಅಳಿಸಿದರೆ ದೋಷ ಹೋಗುವುದಿಲ್ಲ, ಬಾಯಿಯನ್ನೇ ಅಲ್ಲಿಯವರೆಗೆ ಹಿಂದಕ್ಕೆ ತರಬೇಕು. ಅನುಮಾನವಿದ್ದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಕೆತ್ತುವ ಫೆರಿಕ್ ಕ್ಲೋರೈಡನ್ನು ನೀರು ಬೆರೆಸಿ ಬಳಿದು ನೋಡಿ. ಒಂದೇ ಬೂದು ಬಣ್ಣ ಬರದೆ ತೇಪೆ ತೇಪೆಯಾಗಿ ಕಂಡರೆ ಸುಟ್ಟಿದೆ ಎಂದರ್ಥ.

ಹಿಡಿಗೆ ಬೆತ್ತದ ಸೀಳನ್ನು ನೀರಲ್ಲಿ ನೆನೆಸಿ ಬಿಗಿಯಾಗಿ ಸುತ್ತುವುದು ಜಪಾನಿನ ರೂಢಿ. ಹತ್ತಿ ದಾರ ಸುತ್ತಿದರೆ ನೀರು ಕುಡಿದು ಒಳಗೇ ತುಕ್ಕು ಹಿಡಿಸುತ್ತದೆ. ಏನೂ ಸುತ್ತದೆ ಬಿಟ್ಟರೂ ತೊಂದರೆಯಿಲ್ಲ.

ಮಸೆಯುವ ಮೊದಲು ಕಲ್ಲನ್ನು ಸಮತಟ್ಟು ಮಾಡಿ. ಬೆನ್ನಿಗೂ ಬಾಯಿಗೂ ಮಾರ್ಕರ್ ಮಸಿ ಬಳಿದು 1000ದ ಕಲ್ಲಿನ ಮೇಲೆ ನಾಲ್ಕು ಸಲ ಎಳೆಯಿರಿ. ಎರಡೂ ಗೆರೆಯಲ್ಲಿ ಮಸಿ ಒಂದೇ ಸಮ ಅಳಿಸಬೇಕು. ಎಲ್ಲಿ ಉಳಿದಿದೆಯೋ ಅಲ್ಲಿ ಕತ್ತಿ ಬಾಗಿದೆ ಇಲ್ಲವೇ ಗುಳಿ ಏರುಪೇರಾಗಿದೆ. ಬಾಯಿಯ ಉದ್ದಕ್ಕೂ ಎರಡು ಮುಖ ಕೂಡುವವರೆಗೆ 1000ದ ಕಲ್ಲು ಬಿಡಬೇಡಿ. ಭೂತಗನ್ನಡಿಯಲ್ಲಿ ಬಾಯಿಯನ್ನು ದೀಪಕ್ಕೆ ಹಿಡಿದಾಗ ಹೊಳಪಿನ ಚುಕ್ಕೆ ಕಂಡರೆ ಅಲ್ಲಿ ಇನ್ನೂ ಕೂಡಿಲ್ಲ. ಆಮೇಲೆ 4000, 8000, ಕೊನೆಗೆ ಚರ್ಮದ ಪಟ್ಟಿಯ ಮೇಲೆ ನಲವತ್ತು ಸಲ. ಭಾರ ಕತ್ತಿಯದ್ದಷ್ಟೇ ಇರಲಿ, ಕೈಯದ್ದು ಬೇಡ. ಕ್ಯೋಟೋದ ನಕಯಾಮಾ ಗಣಿಯ ನೈಸರ್ಗಿಕ ಮಸೆಗಲ್ಲುಗಳ ಹೆಸರು ಕೇಳಿರುತ್ತೀರಿ. ಸೊಗಸಾದ ಕಲ್ಲುಗಳು, ಆದರೆ 8000ದ ಕಲ್ಲಿನಲ್ಲಿ ಕ್ಷೌರವಾಗದ ಕತ್ತಿ ಅವುಗಳ ಮೇಲೂ ಆಗುವುದಿಲ್ಲ. ಜಪಾನಿನ ರೂಢಿಯಲ್ಲಿ ಒಂದು ಮುಖಕ್ಕೆ ಹೆಚ್ಚು ಸಲ, ಇನ್ನೊಂದಕ್ಕೆ ಕಡಿಮೆ ಸಲ ಮಸೆಯುತ್ತಾರೆ. ನಡುವಿನಲ್ಲಿ ಬಾಯಿ ಇರುವ ನಿಮ್ಮ ಕತ್ತಿಗೆ ಸಮಸಮ ಇರಲಿ.

ಮುಖಕ್ಕೆ ತಾಗಿಸಬಹುದೆ ಎಂದು ಕೇಳಿದ್ದೀರಿ. ತಾಗಿಸಬಹುದು, ಆದರೆ ಮೊದಲು ಮುಂಗೈಯ ಕೂದಲ ಮೇಲೆ ನೋಡಿ, ಆಮೇಲೆ ಮತ್ತೆ ಭೂತಗನ್ನಡಿಯಲ್ಲಿ ಬಾಯಿ ನೋಡಿ. ಕೂದಲು ಕತ್ತರಿಸಿದ ಮೇಲೂ ಅಂಚು ಹಾಗೇ ಇದ್ದರೆ ಮಾತ್ರ ಕೆನ್ನೆಗೆ. ಗಂಟಲು, ಮೇಲ್ದುಟಿ ಕೆಲವು ವಾರ ಬೇಡ. ತುದಿಯ ಮೂಲೆಯನ್ನು ಕಲ್ಲಿನ ಮೇಲೆ ಸ್ವಲ್ಪ ದುಂಡು ಮಾಡಿ, ಗಾಯಗಳು ಹೆಚ್ಚಾಗಿ ಆಗುವುದು ಅದರಿಂದಲೇ. ಒಂದು ಕತ್ತಿ ಒಬ್ಬರಿಗೆ ಮಾತ್ರ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಕ್ತದಿಂದ ಹರಡುವ ರೋಗಗಳು. ನಮ್ಮ ಕ್ಷೌರದಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಹಾಕುವುದು ಇದೇ ಕಾರಣಕ್ಕೆ. ಮನೆಯಲ್ಲಿ ಅಣ್ಣ-ತಮ್ಮಂದಿರೇ ಆದರೂ ಹಂಚಿಕೊಳ್ಳಬೇಡಿ. ಬಳಸಿದ ಮೇಲೆ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಒಂದೇ ರಾತ್ರಿಯಲ್ಲಿ ಬಾಯಿಗೆ ತುಕ್ಕು ಕೂರುತ್ತದೆ.

ಕೊನೆಗೆ ನಿಮ್ಮ ಅರದ ಕತ್ತಿ. ಅದು ಉದುರುವುದಕ್ಕೆ ಮೊದಲ ಅನುಮಾನ 150 ಡಿಗ್ರಿಯ ಅರ್ಧ ಗಂಟೆಯ ಮೇಲೆ. ಇಷ್ಟು ಇಂಗಾಲವಿರುವ ಉಕ್ಕಿಗೆ ಅದು ಏನೇನೂ ಸಾಲದು. 200 ಡಿಗ್ರಿಯಲ್ಲಿ ಒಂದೊಂದು ಗಂಟೆ ಎರಡು ಸಲ ಓವನ್‌ಗೆ ಹಾಕಿ. ಆಮೇಲೆ ಬೆನ್ನನ್ನು ತೆಳು ಮಾಡಬೇಕು. 16.5 ಮಿ.ಮೀ. ಅಗಲಕ್ಕೆ 17 ಡಿಗ್ರಿ ಬೇಕಾದರೆ ದಪ್ಪ 4.9 ಮಿ.ಮೀ. ಇರಬೇಕು. ಅಂದರೆ ಬೆನ್ನಿನ ಒಂದೊಂದು ಬದಿಯಿಂದ 0.55 ಮಿ.ಮೀ. ತೆಗೆಯಬೇಕು. ಗಾಜಿನ ಮೇಲೆ 120ರ ನೀರೆಮರಿ ಹಾಸಿ, ಕತ್ತಿಯನ್ನು ಮಲಗಿಸಿ, ಬೆರಳಿನ ಒತ್ತಡ ಬೆನ್ನಿನ ಮೇಲಷ್ಟೇ ಇರುವಂತೆ ಉಜ್ಜಿ. ತಿಂದುಹೋದ ಎರಡು ತಗ್ಗುಗಳು ಮಾಯವಾಗಲು ಬಾಯಿ ಇನ್ನೂ ಹಿಂದಕ್ಕೆ ಬರಬೇಕಾದರೆ, ಅಗಲ 1 ಮಿ.ಮೀ. ಕಡಿಮೆಯಾದಾಗಲೆಲ್ಲ ದಪ್ಪವನ್ನು ಸುಮಾರು 0.3 ಮಿ.ಮೀ. ಇಳಿಸುತ್ತಾ ಹೋಗಿ. ಅಗಲ 14ಕ್ಕಿಂತ ಕೆಳಗೆ ಬಂದರೆ ಬಿಟ್ಟುಬಿಡಿ, ಹಿಡಿತವೂ ಸಿಗುವುದಿಲ್ಲ. ಇದೆಲ್ಲ ಆದ ಮೇಲೆ 1000ದ ಕಲ್ಲಿನಲ್ಲೇ ಉದ್ದಕ್ಕೂ ಸಣ್ಣ ಸಣ್ಣದಾಗಿ ಉದುರಿದರೆ ಕಾಳು ದಪ್ಪವಾಗಿದೆ, ಅದಕ್ಕೆ ಮದ್ದಿಲ್ಲ, ಅಷ್ಟು ತೆಳುವಾದ ಪಟ್ಟಿಯನ್ನು ಮತ್ತೆ ಕಾಯಿಸಿ ಅದ್ದಲು ಆಗದು. ಒಂದೇ ಜಾಗದಲ್ಲಿ ಉದುರಿದರೆ ಅಲ್ಲಿ ಸುಟ್ಟಿದೆ ಅಥವಾ ಹಲ್ಲಿನ ಬುಡದ ಗೀರು ಉಳಿದಿದೆ. ಆ ಜಾಗ ದಾಟುವವರೆಗೆ ಬಾಯಿಯನ್ನು ಹಿಂದಕ್ಕೆ ತಂದರೆ ಕತ್ತಿ ಉಳಿಯುತ್ತದೆ.